ಮಾತು ಮಾಡುವ ಕೆಲಸ

(ಮಹಿಳಾ ವೇದಿಕೆಯ ಶನಿವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನಿಮಗೆ ಇಷ್ಟವಾದ ಯಾವುದಾದರೂ ವಿಷಯ, ಅರ್ಧ ಗಂಟೆ ಮಾತಾಡಿ" ಎಂದರು. ನಾನು "ಫಂಕ್ಷನಲ್ ಗ್ರಾಮರ್ ಬಗ್ಗೆ ಮಾತಾಡ್ತೀನಿ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, "ಯಾವ ಫಂಕ್ಷನ್ನು?" ಎಂದು ಕೇಳಿದರು.

ಅವರದೇನೂ ತಪ್ಪಿಲ್ಲ. ನಮ್ಮ ಕನ್ನಡದಲ್ಲಿ ಫಂಕ್ಷನ್ ಎಂದರೆ ಗೃಹಪ್ರವೇಶ, ನಾಮಕರಣ, ರಿಸೆಪ್ಷನ್ನು. ನನ್ನ ಆಫೀಸಿನಲ್ಲಿ ಫಂಕ್ಷನ್ ಎಂದರೆ ಪ್ರೋಗ್ರಾಮಿನ ಒಂದು ತುಣುಕು, ಕರೆದಾಗ ತನಗೆ ಒಪ್ಪಿಸಿದ ಕೆಲಸವನ್ನು ಮಾಡಿ ಸುಮ್ಮನಾಗುವಂಥದ್ದು. ಭಾಷೆಯ ವಿಚಾರದಲ್ಲಿ ಈ ಪದಕ್ಕೆ ಇರುವ ಅರ್ಥ ಎರಡನೆಯದಕ್ಕೆ ಹತ್ತಿರ. ಒಂದು ಮಾತು ಏನು ಕೆಲಸ ಮಾಡುತ್ತದೆ ಎನ್ನುವುದು. ಕನ್ನಡದಲ್ಲಿ ಇದನ್ನು ಕಾರ್ಯಾತ್ಮಕ ವ್ಯಾಕರಣ ಎನ್ನಬಹುದು. ಹೆಸರು ಕೇಳಿ ಹೆದರಬೇಡಿ, ನಾನು ಭಾಷಾವಿಜ್ಞಾನಿ ಅಲ್ಲ. ಕಂಪ್ಯೂಟರ್ ಸೈನ್ಸಿನಲ್ಲಿ ಎಂಟೆಕ್ ಮಾಡಿ, ಗ್ರಾಹಕರ ಮಾತನ್ನು ಯಂತ್ರಕ್ಕೆ ಅರ್ಥಮಾಡಿಸುವ ಕೆಲಸಕ್ಕೆ ಬಿದ್ದವಳು. ಆದರೆ ಈ ವಿಷಯ ನನಗೆ ಮುಟ್ಟಿದ್ದು ಆಫೀಸಿನಲ್ಲಿ ಅಲ್ಲ, ತಿಪಟೂರಿನಲ್ಲಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಕಳೆದ ಮೇ ತಿಂಗಳ ರಜೆಯಲ್ಲಿ ನನ್ನ ಅಜ್ಜಿಯನ್ನು ನೋಡಲು ಹೋಗಿದ್ದೆವು. ಅಮ್ಮನ ಅಮ್ಮ, ವಯಸ್ಸು 88. ಸೊಂಟದ ಮೂಳೆ ಮುರಿದ ಮೇಲೆ ಹಾಸಿಗೆ ಬಿಟ್ಟು ಎದ್ದಿಲ್ಲ. ಮಾತು ಮಾತ್ರ ಗಟ್ಟಿ. ನನ್ನ ಮಗಳಿಗೆ ಎಂಟು ವರ್ಷ. ನಾಲ್ಕು ದಿನ ಮುತ್ತಜ್ಜಿಯ ಮಂಚದ ಮೇಲೆಯೇ ಕೂತು ಚೌಕಾಬಾರ ಆಡಿದ್ದಳು. ಹೊರಡುವ ದಿನ ಆಟೋ ಬಾಗಿಲಿಗೆ ಬಂತು. ಎಲ್ಲರೂ ಮಂಚದ ಸುತ್ತ ನಿಂತಿದ್ದೆವು. ಮಗಳು ಅಜ್ಜಿಯ ಕೈ ಹಿಡಿದುಕೊಂಡು, ಒಳ್ಳೆ ಸ್ಪಷ್ಟವಾಗಿ, "ಮುತ್ತಜ್ಜಿ, ನಾವು ಹೋಗ್ತೀವಿ" ಎಂದಳು.

ಕುಂಕುಮದ ಬಟ್ಟಲು ಹಿಡಿದುಕೊಂಡಿದ್ದ ನಮ್ಮ ಅತ್ತೆಯ ಕೈ ಅಲ್ಲೇ ನಿಂತಿತು. "ಹಂಗನ್ನಬಾರ್ದು ಮರಿ, ಬರ್ತೀವಿ ಅನ್ಬೇಕು" ಎಂದರು. ಮಗಳಿಗೆ ಅರ್ಥವಾಗಲಿಲ್ಲ. "ಆದ್ರೆ ನಾವು ಹೋಗ್ತಾ ಇದೀವಲ್ಲ?" ಎಂದಳು. ಒಬ್ಬರು ನಕ್ಕರು. ಇನ್ನೊಬ್ಬರು "ಪುಣೆ ಕನ್ನಡ" ಎಂದರು. ಅಜ್ಜಿ ಮಾತ್ರ ಅವಳ ಕೆನ್ನೆ ಸವರಿ, "ಹೋಗ್ರಿ ಮಗಾ, ಹೋಗ್ದೆ ಹೆಂಗ್ ಬರ್ತೀರ" ಎಂದರು. ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ರೈಲು ಅರಸೀಕೆರೆ ದಾಟುವವರೆಗೂ ಮಗು ಬಾಯಿ ಬಿಡಲಿಲ್ಲ. ಬಿಟ್ಟಾಗ ಹಿಂದಿಯಲ್ಲಿ ಹೇಳಿದಳು: ಇನ್ನು ಮೇಲೆ ಊರಲ್ಲಿ ನಾನು ಕನ್ನಡ ಮಾತಾಡುವುದಿಲ್ಲ, ಎಲ್ಲರೂ ನಗುತ್ತಾರೆ.

ಈಗ ಆ ವಾಕ್ಯವನ್ನು ಮೇಷ್ಟರ ಕಣ್ಣಿನಿಂದ ನೋಡಿ. 'ನಾವು' ಉತ್ತಮ ಪುರುಷ, ಬಹುವಚನ. 'ಹೋಗ್ತೀವಿ' ಅದಕ್ಕೆ ಸರಿಯಾಗಿ ಹೊಂದಿದೆ. ಕಾಲ ಸರಿ, ಉಚ್ಚಾರ ಸರಿ. ಹೇಳಿದ್ದು ಸತ್ಯ ಕೂಡ. ಅತ್ತೆ ಹೇಳಿಕೊಟ್ಟ 'ಬರ್ತೀವಿ'ಯೇ ಶಬ್ದಾರ್ಥದಲ್ಲಿ ಸುಳ್ಳು, ನಾವು ಬರುತ್ತಿರಲಿಲ್ಲವಲ್ಲ. ನಾನು ಶಾಲೆಯಲ್ಲಿ ಓದಿದ ವ್ಯಾಕರಣ ಈ ಮಗುವಿಗೆ ನೂರಕ್ಕೆ ನೂರು ಕೊಡುತ್ತದೆ. ಆದರೆ ಹಾಸಿಗೆ ಹಿಡಿದ 88ರ ಜೀವದ ಮುಂದೆ ಆ ವಾಕ್ಯ ಮಾಡಬೇಕಾದ ಕೆಲಸ ಬೇರೆ ಇತ್ತು. ಅದು ಸುದ್ದಿ ತಿಳಿಸುವ ವಾಕ್ಯವೇ ಅಲ್ಲ. ಮತ್ತೆ ಸಿಗುತ್ತೇವೆ ಎಂದು ಮಾತು ಕೊಡುವ ವಾಕ್ಯ.

ಹಾಗಾದರೆ ತಪ್ಪು ಎಲ್ಲಿದೆ? ರೂಪದಲ್ಲಿಲ್ಲ, ಕೆಲಸದಲ್ಲಿದೆ. ಈ ಕೆಲಸವನ್ನೂ ವ್ಯಾಕರಣದ ಒಳಗೇ ಇಟ್ಟು ನೋಡಬೇಕು ಎನ್ನುವವರ ಬಗ್ಗೆ ನಾನು ಇವತ್ತು ಹೇಳಬೇಕೆಂದಿರುವುದು.

ಇತಿಹಾಸ ಬೇಗ ಮುಗಿಸುತ್ತೇನೆ. ಪೋಲೆಂಡಿನಲ್ಲಿ ಹುಟ್ಟಿದ ಬ್ರೋನಿಸ್ಲಾವ್ ಮಾಲಿನೋವ್ಸ್ಕಿ ಎಂಬ ಮಾನವಶಾಸ್ತ್ರಜ್ಞರು ನ್ಯೂಗಿನಿಯ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಅಲ್ಲಿನ ಜನರ ನಡುವೆ ಇದ್ದು ಅವರ ಭಾಷೆ ಕಲಿತರು. ದೋಣಿಯಲ್ಲಿ ಮೀನು ಹಿಡಿಯುವಾಗ ಆಡುವ ಮಾತನ್ನು ಬರೆದುಕೊಂಡು ಬಂದು ಪದಕ್ಕೆ ಪದ ಅರ್ಥ ಹಾಕಿದರೆ ಏನೂ ಸಿಗುವುದಿಲ್ಲ, ಆ ಮಾತು ಬಲೆ ಎಳೆಯುವ ಕೆಲಸದ ಒಂದು ಭಾಗ ಎಂಬುದು ಅವರಿಗೆ ಹೊಳೆಯಿತು. ಇನ್ನೊಂದನ್ನೂ ಗಮನಿಸಿದರು. ಕೆಲಸವೇ ಇಲ್ಲದ ಹೊತ್ತಿನಲ್ಲಿ ಜನ ಆಡುವ ಮಾತು ಯಾವ ಸುದ್ದಿಯನ್ನೂ ತಿಳಿಸುವುದಿಲ್ಲ, ಅದು ಸುಮ್ಮನೆ ಜನರನ್ನು ಹತ್ತಿರ ಕಟ್ಟಿಡುತ್ತದೆ. 1923ರಲ್ಲಿ ಇದನ್ನು ಬರೆದರು. 1926ರಲ್ಲಿ ಪ್ರಾಗ್ ನಗರದಲ್ಲಿ ವಿಲೆಮ್ ಮಾಥೆಸಿಯುಸ್ ಮತ್ತು ಗೆಳೆಯರು ಒಂದು ಭಾಷಾ ಕೂಟ ಕಟ್ಟಿದರು. ಒಂದು ವಾಕ್ಯದಲ್ಲಿ ಕೇಳುಗನಿಗೆ ಗೊತ್ತಿರುವ ಭಾಗ ಯಾವುದು, ಹೊಸದು ಯಾವುದು ಎಂಬ ಕಣ್ಣಿನಿಂದ ಪದಗಳ ಜೋಡಣೆಯನ್ನು ನೋಡಿದವರು ಅವರು. ಮುಂದೆ ಇಂಗ್ಲೆಂಡಿನ ಎಂ. ಎ. ಕೆ. ಹ್ಯಾಲಿಡೇ ಇದನ್ನೆಲ್ಲ ಒಂದು ಪೂರ್ಣ ವ್ಯಾಕರಣವಾಗಿ ಬೆಳೆಸಿದರು. ಫಂಕ್ಷನಲ್ ಗ್ರಾಮರಿಗೆ ಅವರು ಬರೆದ ಪರಿಚಯ ಗ್ರಂಥ 1985ರಲ್ಲಿ ಬಂತು. ಹಾಲೆಂಡಿನ ಸೈಮನ್ ಡಿಕ್, ಅಮೆರಿಕದಲ್ಲಿ ಟಾಲ್ಮಿ ಗಿವೋನ್ ತಮ್ಮದೇ ದಾರಿ ಹಿಡಿದರು. ಒಂದೇ ಮಠವಲ್ಲ ಇದು, ಹಲವು ಮನೆಗಳ ಒಂದು ಬೀದಿ.

ಎದುರು ಬೀದಿಯಲ್ಲಿ ನೋಮ್ ಚಾಮ್ಸ್ಕಿ ಇದ್ದಾರೆ. 1957ರ ಅವರ ಪುಸ್ತಕದಿಂದ ಶುರುವಾದ ಪಂಥಕ್ಕೆ ವಾಕ್ಯದ ರಚನೆಯೇ ಮುಖ್ಯ. ಅದನ್ನು ಬಳಕೆಯಿಂದ ಬೇರೆ ಮಾಡಿಯೇ ಅಧ್ಯಯನ ಮಾಡಬೇಕು ಎನ್ನುತ್ತಾರೆ. ನಮ್ಮ ಎ. ಕೆ. ರಾಮಾನುಜನ್ 1963ರಲ್ಲಿ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಬರೆದದ್ದು ಆ ಮಾದರಿಯ ಕನ್ನಡ ವ್ಯಾಕರಣವನ್ನೇ. ಕವಿಯೊಬ್ಬರು ಆ ಬೀದಿಯಲ್ಲಿ ಓಡಾಡಿದ್ದರು ಎಂಬುದು ನನಗೆ ಯಾವಾಗಲೂ ಕುತೂಹಲ. ನಾನು ಎರಡು ಬೀದಿಯ ಜಗಳಕ್ಕೆ ಬೀಳುವವಳಲ್ಲ. ಯಂತ್ರಕ್ಕೆ ರಚನೆಯೂ ಬೇಕು. ಮಗು ಸಾಕುವವರಿಗೆ ಮಾತ್ರ ಈ ಬೀದಿಯಲ್ಲಿ ಹೆಚ್ಚು ಸಾಮಾನು ಸಿಗುತ್ತದೆ.

ಈಗ ಹ್ಯಾಲಿಡೇ ಅವರ ಮುಖ್ಯ ಮಾತಿಗೆ ಬರುತ್ತೇನೆ. ನಾವು ಆಡುವ ಪ್ರತಿಯೊಂದು ವಾಕ್ಯವೂ ಒಂದೇ ಸಲಕ್ಕೆ ಮೂರು ಕೆಲಸ ಮಾಡುತ್ತದೆ. ಲೋಕದಲ್ಲಿ ಏನಾಯಿತು, ಯಾರು ಮಾಡಿದರು ಎಂದು ಹೇಳುತ್ತದೆ. ಎದುರಿಗಿರುವವರ ಜೊತೆ ನಮ್ಮ ಸಂಬಂಧ ಏನು ಎಂದು ತೋರಿಸುತ್ತದೆ. ಹಿಂದಿನ ಮಾತಿಗೂ ಮುಂದಿನ ಮಾತಿಗೂ ತನ್ನನ್ನು ಜೋಡಿಸಿಕೊಳ್ಳುತ್ತದೆ.

"ಊಟ ಆಯ್ತಾ?" ನಾವು ದಿನಕ್ಕೆ ಹತ್ತು ಸಲ ಕೇಳುವ ಈ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಮಧ್ಯಾಹ್ನ ಮೂರಕ್ಕೆ ಊರಿನಿಂದ ಅಮ್ಮ ಫೋನ್ ಮಾಡಿ ಹೀಗೆ ಕೇಳಿದಾಗ ಅವರಿಗೆ ನನ್ನ ಹೊಟ್ಟೆಯ ವರದಿ ಬೇಕಿಲ್ಲ. ಮಾಲಿನೋವ್ಸ್ಕಿ ಹೇಳಿದ, ಸುಮ್ಮನೆ ಹತ್ತಿರ ಕಟ್ಟುವ ಮಾತು ಅದು. "ಆಯ್ತಮ್ಮ, ನಿಂದು?" ಎಂದರೆ ಮುಗಿಯಿತು, ಇನ್ನು ನಿಜವಾದ ವಿಷಯಕ್ಕೆ ಬರಬಹುದು. ಅದೇ ವಾಕ್ಯವನ್ನು ಬೀಗರ ಮನೆಗೆ ಮಧ್ಯಾಹ್ನ ಹೋದಾಗ ಅವರು ಕೇಳಿದರೆ ಅದು ನಿಜವಾದ ಪ್ರಶ್ನೆ, ಉತ್ತರ ನೋಡಿಕೊಂಡು ಅನ್ನಕ್ಕಿಡಬೇಕು. ಡಾಕ್ಟರು ಮಾತ್ರೆ ಕೊಡುವ ಮುಂಚೆ ಕೇಳಿದರೆ ಬೇರೆ. ರೂಪ ಒಂದೇ, ಕೆಲಸ ಮೂರು.

ಆ 'ಆಯ್ತಾ' ಎಂಬ ಪದದ ಮೇಲೆ ಇನ್ನೂ ಸ್ವಲ್ಪ ನಿಲ್ಲೋಣ, ಏಕೆಂದರೆ ಇದು ಮಹಿಳಾ ವೇದಿಕೆ. ಮಗು ಲೋಟ ಬೀಳಿಸಿ "ಅಮ್ಮಾ, ಲೋಟ ಒಡೆದುಹೋಯ್ತು" ಎನ್ನುತ್ತದೆ. "ಒಡೆದೆ" ಎನ್ನುವುದಿಲ್ಲ. ಮೂರು ವರ್ಷದ ಮಗುವಿಗೂ ಗೊತ್ತು, ಕ್ರಿಯಾಪದವನ್ನು ಹೀಗೆ ಹಾಕಿದರೆ ಮಾಡಿದವರು ಕಾಣುವುದಿಲ್ಲ. ದೊಡ್ಡವರು ಇದೇ ಕೆಲಸವನ್ನು ಆಫೀಸ್ ನೋಟಿಸಿನಲ್ಲಿ ಮಾಡುತ್ತೇವೆ. "ಈ ವರ್ಷ ಬೋನಸ್ ಇಲ್ಲ ಎಂದು ನಿರ್ಧರಿಸಲಾಗಿದೆ." ಯಾರು ನಿರ್ಧರಿಸಿದರು? 'ಲಾಗಿದೆ' ನಿರ್ಧರಿಸಿತು. ಈಗ ಮನೆಗೆ ಬನ್ನಿ. "ಅಡುಗೆ ಆಯ್ತಾ?" "ತಿಂಡಿ ಆಯ್ತಾ?" "ಬಟ್ಟೆ ಮಡಿಸಿ ಆಯ್ತಾ?" ಅಡುಗೆ ಎನ್ನುವುದು ಸೂರ್ಯೋದಯದ ಹಾಗೆ ತಾನೇ ಆಗುವಂಥದ್ದು. ಅದೇ ಯಜಮಾನರು ಭಾನುವಾರ ಒಂದು ದಿನ ಪಲಾವ್ ಮಾಡಿದರೆ, "ಇವತ್ತು ಇವರೇ ಪಲಾವ್ ಮಾಡಿದ್ರು" ಎಂದು ಕರ್ತೃಪದ ಕುರ್ಚಿ ಹಾಕಿಕೊಂಡು ಕೂರುತ್ತದೆ. ಕನ್ನಡ ನಮಗೆ ಅನ್ಯಾಯ ಮಾಡಿದೆ ಎಂದು ನಾನು ಹೇಳುತ್ತಿಲ್ಲ. ಭಾಷೆಯಲ್ಲಿ ಎರಡೂ ದಾರಿ ಇದೆ. ಯಾವ ಹೊತ್ತಿನಲ್ಲಿ ಯಾವ ದಾರಿ ಹಿಡಿಯುತ್ತೇವೆ ಎನ್ನುವುದು ನಮ್ಮ ಆಯ್ಕೆ. ಆ ಆಯ್ಕೆಗೂ ಅರ್ಥ ಇದೆ ಎನ್ನುವುದೇ ಹ್ಯಾಲಿಡೇ ಅವರ ವಾದದ ತಿರುಳು.

ಎರಡನೆಯ ಕೆಲಸ ಸಂಬಂಧದ್ದು. ಇದರಲ್ಲಿ ಕನ್ನಡ ಬಹಳ ಶ್ರೀಮಂತ. ನಮ್ಮ ಅತ್ತೆಯವರು ಧಾರವಾಡದವರು. ಗಂಡನ ತಾಯಿ, ತಿಪಟೂರಿನ ಅತ್ತೆ ಬೇರೆ. ಅವರ ಬಾಯಲ್ಲಿ 'ರಿ' ಸೇರದ ಮಾತೇ ಇಲ್ಲ. ಹೌದ್ರಿ, ಇಲ್ರಿ, ಯಾಕ್ರಿ, ಸಾಕ್ರಿ. ನನಗೆ ಮದುವೆಯಾದ ಹೊಸದರಲ್ಲಿ ನಮ್ಮ ಕಡೆಯ 'ಕಣಮ್ಮ', 'ಕಣ್ರೀ' ಬಾಯಿಗೆ ಬರುತ್ತಿತ್ತು. ಅವರಿಗೆ ಅದು ಸ್ವಲ್ಪ ಸದರವಾಗಿ ಕೇಳುತ್ತಿತ್ತಂತೆ. ಈ ಪುಟ್ಟ ತುಂಡುಗಳು ಘಟನೆಯ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. 'ಮಳೆ ಬಂತು', 'ಮಳೆ ಬಂತ್ರಿ', 'ಮಳೆ ಬಂತು ಕಣೇ', ಮೂರರಲ್ಲೂ ಸುರಿದ ನೀರು ಅಷ್ಟೇ. ಬದಲಾಗುವುದು ಹೇಳುವವಳಿಗೂ ಕೇಳುವವರಿಗೂ ಇರುವ ದೂರ.

ಈಗಷ್ಟೇ 'ಕೇಳುತ್ತಿತ್ತಂತೆ' ಎಂದೆ. ಆ 'ಅಂತೆ'ಯನ್ನು ಗಮನಿಸಿದಿರಾ? ನಾನೇ ಕಂಡದ್ದಲ್ಲ, ಯಾರೋ ಹೇಳಿದ್ದು, ನಾಳೆ ನನ್ನ ಮೇಲೆ ಬರಬೇಡಿ ಎಂದು ಒಂದೇ ತುಂಡಿನಲ್ಲಿ ಜಾಮೀನು ಪಡೆದುಕೊಂಡುಬಿಟ್ಟೆ. ಇಂಗ್ಲಿಷಿನಲ್ಲಿ ಇದಕ್ಕೆ ಒಂದಿಡೀ ವಾಕ್ಯ ಬೇಕಾಗುತ್ತದೆ. ಇನ್ನೊಂದು: ನಮ್ಮ ಕಡೆ ಎಷ್ಟೋ ಮನೆಗಳಲ್ಲಿ "ಅಪ್ಪ ಬಂದ್ರು", ಆದರೆ "ಅಮ್ಮ ಬಂದ್ಲು". ಸಲುಗೆ ಎಂದು ಅಮ್ಮಂದಿರೇ ಹೇಳುತ್ತಾರೆ, ನನಗೂ ಆ ಸಲುಗೆ ಇಷ್ಟವೇ. ಆದರೂ ಬಹುವಚನ ಯಾವಾಗಲೂ ಒಂದೇ ಕಡೆ ಏಕೆ ಹೋಗುತ್ತದೆ ಎಂದು ನನ್ನ ಮಗಳು ಕೇಳಿದರೆ ಹೇಳಲು ನನ್ನ ಹತ್ತಿರ ಉತ್ತರ ಇಲ್ಲ.

ಮೂರನೆಯ ಕೆಲಸಕ್ಕೆ ಒಂದು ಸಣ್ಣ ಉದಾಹರಣೆ ಸಾಕು. "ಬೆಕ್ಕು ಏನು ಮಾಡ್ತು?" ಎಂದರೆ "ಬೆಕ್ಕು ಹಾಲು ಕುಡೀತು" ಎನ್ನುತ್ತೇವೆ. "ಹಾಲು ಯಾರು ಕುಡಿದ್ರು?" ಎಂದರೆ "ಹಾಲನ್ನ ಬೆಕ್ಕು ಕುಡೀತು". ಕನ್ನಡದಲ್ಲಿ ಪದಗಳ ಸ್ಥಾನ ಬದಲಾಯಿಸಿದರೂ ಅರ್ಥ ಒಂದೇ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಅರ್ಥ ಒಂದೇ ಇರಬಹುದು, ಕೆಲಸ ಒಂದೇ ಅಲ್ಲ. ಗೊತ್ತಿರುವುದು ಮುಂದೆ ಬರುತ್ತದೆ, ಹೊಸದು ಕ್ರಿಯಾಪದದ ಪಕ್ಕಕ್ಕೆ ಹೋಗುತ್ತದೆ. ಪ್ರಾಗಿನವರು ಹೇಳಿದ್ದು ಇಂಥದನ್ನೇ. ಇದು ಗೊತ್ತಿಲ್ಲದೆ ಇಂಗ್ಲಿಷಿನ ಪ್ಯಾಸಿವ್ ವಾಕ್ಯಗಳನ್ನು ಕನ್ನಡಕ್ಕೆ ಇಳಿಸುವವರು 'ಕುಡಿಯಲ್ಪಟ್ಟಿತು' ಎಂದು ಬರೆಯುತ್ತಾರೆ. ಹಾಲನ್ನು ಮುಂದೆ ತರಲು ಕನ್ನಡಕ್ಕೆ ಆ ಸರ್ಕಸ್ ಬೇಕಾಗಿಲ್ಲ, ಹಾಲನ್ನು ಮುಂದೆ ಇಟ್ಟರೆ ಸಾಕು.

ಆಫೀಸಿನ ಕಥೆ ಒಂದು ಹೇಳುತ್ತೇನೆ. ಹಿಂದೆ ನಾನಿದ್ದ ಒಂದು ತಂಡದಲ್ಲಿ ಗ್ರಾಹಕರ ಕನ್ನಡ ದೂರನ್ನು ಯಂತ್ರವೇ ಕೇಳಿಸಿಕೊಂಡು ಉತ್ತರಿಸುವ ವ್ಯವಸ್ಥೆಯನ್ನು ಪರೀಕ್ಷೆ ಮಾಡುತ್ತಿದ್ದೆವು. ಒಬ್ಬ ಮಹಿಳೆ, "ನೋಡಿ, ಬುಕ್ ಮಾಡಿ ನಾಲ್ಕು ದಿನ ಆಯ್ತು" ಎಂದರು. ಯಂತ್ರ 'ನೋಡಿ' ಎಂಬ ಪದವನ್ನು ಹಿಡಿದುಕೊಂಡಿತು. ಇವರಿಗೆ ಏನನ್ನೋ ನೋಡಬೇಕಾಗಿದೆ ಎಂದು ಅವರ ಹಳೆಯ ಬುಕಿಂಗ್‌ಗಳ ಪಟ್ಟಿಯನ್ನು ತೆರೆದು ತೋರಿಸಿತು. ಆಕೆ ಇನ್ನೂ ಜೋರಾಗಿ, "ಅಯ್ಯೋ, ಹೇಳ್ತಾ ಇದೀನಲ್ಲ, ನೋಡೀ" ಎಂದರು. ಯಂತ್ರ ಮತ್ತೊಂದು ಪಟ್ಟಿ ತೆರೆಯಿತು. ನಾವೆಲ್ಲ ನಕ್ಕೆವು. ಆದರೆ ಸರಿಪಡಿಸಲು ಕೂತಾಗ ಗೊತ್ತಾಯಿತು, ಆ ವಾಕ್ಯದಲ್ಲಿ ದೂರು ಎಂಬ ಪದವಿಲ್ಲ, ಬೇಕು ಎಂಬ ಪದವಿಲ್ಲ, ಪ್ರಶ್ನೆಯೂ ಇಲ್ಲ. ಆದರೂ ಕನ್ನಡ ಬಲ್ಲ ಯಾರಿಗೂ ಅದು ದೂರು ಎಂದು ಹೇಳಿಕೊಡಬೇಕಾಗಿಲ್ಲ. ನಮ್ಮ ವೃತ್ತಿಯಲ್ಲಿ ಇದನ್ನು ಇಂಟೆಂಟ್ ಎನ್ನುತ್ತೇವೆ, ಮಾತಿನ ಹಿಂದಿನ ಉದ್ದೇಶ. ಪದಗಳ ಪಟ್ಟಿಯಿಂದ ಅದು ಸಿಗುವುದಿಲ್ಲ ಎನ್ನುವುದನ್ನು ನಾವು ಕಷ್ಟಪಟ್ಟು ಕಲಿತೆವು. ಆ ಕಾರಣಕ್ಕೇ ನಾನು ಈ ಪುಸ್ತಕಗಳನ್ನು ಹುಡುಕಿಕೊಂಡು ಹೋದದ್ದು.

ತಿಪಟೂರಿನಿಂದ ಬಂದ ಮೇಲೆ ಅದೇ ಪುಸ್ತಕಗಳನ್ನು ಮತ್ತೆ ತೆಗೆದೆ. ಈ ಸಲ ಯಂತ್ರಕ್ಕಲ್ಲ. 1975ರಲ್ಲಿ ಬಂದ ಹ್ಯಾಲಿಡೇ ಅವರ ಒಂದು ಪುಸ್ತಕ ಇದೆ, ತಮ್ಮ ಮಗನ ಮಾತನ್ನು ಒಂಬತ್ತನೆಯ ತಿಂಗಳಿನಿಂದ ಬರೆದಿಟ್ಟುಕೊಂಡು ಮಾಡಿದ ಅಧ್ಯಯನ. ಪದಗಳು ಬರುವ ಮುಂಚೆಯೇ, ಬರೀ ಸದ್ದುಗಳಲ್ಲಿ ಮಗು ಕೆಲಸಗಳನ್ನು ಮಾಡಿಸಿಕೊಳ್ಳುತ್ತದೆ ಎಂದು ಅವರು ತೋರಿಸಿದರು. ಬೇಕಾದ್ದನ್ನು ಕೇಳುವುದು. ಹೀಗೆ ಮಾಡು ಎಂದು ಇನ್ನೊಬ್ಬರನ್ನು ಆಳುವುದು. ಸುಮ್ಮನೆ ಜೊತೆಗಿರುವುದು. ನನಗೆ ಇಷ್ಟ, ನನಗೆ ಬೇಜಾರು ಎಂದು ತನ್ನನ್ನು ಹೇಳಿಕೊಳ್ಳುವುದು. ಅದೇನು, ಯಾಕೆ ಎಂದು ಲೋಕವನ್ನು ಕೆದಕುವುದು. ಇಲ್ಲದ್ದನ್ನು ಇದೆ ಎಂದು ಆಡುವುದು. ಎಲ್ಲಕ್ಕಿಂತ ಕೊನೆಗೆ ಬರುವುದು, ಎದುರಿನವರಿಗೆ ಗೊತ್ತಿಲ್ಲದ ಸುದ್ದಿಯನ್ನು ತಿಳಿಸುವುದು. ಒಟ್ಟು ಏಳು. ನಾವು ಭಾಷೆ ಎಂದರೆ ಮಾಹಿತಿ ಎಂದುಕೊಂಡಿದ್ದೇವೆ, ಮಗುವಿಗೆ ಅದು ಕಟ್ಟಕಡೆಯದು.

ಈ ಏಳನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಒಂದು ಸಂಜೆ, ಆರರಿಂದ ಒಂಬತ್ತರವರೆಗೆ, ಮಗಳಿಗೆ ನಾನು ಆಡಿದ ಕನ್ನಡ ವಾಕ್ಯಗಳನ್ನೆಲ್ಲ ಬರೆದುಕೊಂಡೆ. ಏಳು. ಬಾ. ಬ್ಯಾಗ್ ಎತ್ತಿಡು. ಕೈ ತೊಳಿ. ಹೋಂವರ್ಕ್ ತೆಗಿ. ಟೀವಿ ಆಫ್ ಮಾಡು. ತಟ್ಟೆ ಖಾಲಿ ಮಾಡು. ಎಷ್ಟು ಸಲ ಹೇಳಬೇಕು ನಿನಗೆ? (ಇದೂ ಪ್ರಶ್ನೆಯಲ್ಲ, ಆಜ್ಞೆಯೇ.) ಹಲ್ಲುಜ್ಜು, ಮಲಕ್ಕೋ. ಎರಡು ಪುಟ ತುಂಬಿತು, ಮುಕ್ಕಾಲು ಪಾಲು ಎರಡನೆಯ ಮನೆಗೆ ಸೇರಿದವು, ಆಳುವ ಮನೆಗೆ. ಅವಳು ಗೆಳತಿಯರ ಜೊತೆ ಜಗಳವಾಡುವುದು, ರಾಜಿಯಾಗುವುದು ಹಿಂದಿಯಲ್ಲಿ. ಕೆಳಗಿನ ಮನೆಯ ಕಾಕು ಜೊತೆ ಹರಟೆ ಮರಾಠಿಯಲ್ಲಿ. 'ಯಾಕೆ' ಎಂದು ಕೇಳುವುದು ಇಂಗ್ಲಿಷಿನಲ್ಲಿ, ಏಕೆಂದರೆ ಉತ್ತರ ಹೇಳುವ ನಾನೂ ಇಂಗ್ಲಿಷಿಗೆ ಜಾರುತ್ತೇನೆ. ರಾತ್ರಿಯ ಕಥೆ ಕೂಡ ಇಂಗ್ಲಿಷ್ ಪುಸ್ತಕದ್ದು. ಕನ್ನಡಕ್ಕೆ ನಾನು ಉಳಿಸಿಕೊಟ್ಟಿದ್ದು ಗದರುವ ಕೆಲಸ ಒಂದನ್ನೇ. ಮಗಳಿಗೆ ಕನ್ನಡ ಬರುತ್ತದೆ ಎಂದು ನಾನು ಎಲ್ಲರ ಮುಂದೆ ಹೆಮ್ಮೆಪಟ್ಟುಕೊಳ್ಳುತ್ತಿದ್ದೆ. ಆ ಹಾಳೆಯನ್ನು ನೋಡಿ ರಾತ್ರಿ ನಿದ್ದೆ ಬರಲಿಲ್ಲ.

'ಹೋಗ್ತೀವಿ'ಯ ಗುಟ್ಟು ಆಗ ಬಿಟ್ಟುಕೊಂಡಿತು. ನಿಮಗೆ ಗೊತ್ತಿದೆ, ಮರಾಠಿಯಲ್ಲೂ ಹೊರಡುವವರು 'ಹೋಗುತ್ತೇನೆ' ಎನ್ನುವುದಿಲ್ಲ, 'ಯೇತೆ' ಎನ್ನುತ್ತಾರೆ, ಬರುತ್ತೇನೆ ಎಂದೇ. ನನ್ನ ಮಗಳು ಕೆಳಗಿನ ಮನೆಯಿಂದ ಬರುವಾಗ ದಿನಾ "ಯೇತೆ ಕಾಕು" ಎಂದೇ ಬರುತ್ತಾಳೆ. ಅಂದರೆ ಅವಳಿಗೆ ಸಂಸ್ಕಾರ ಇಲ್ಲ ಎಂದಲ್ಲ, ಆ ಕೆಲಸ ಗೊತ್ತಿಲ್ಲ ಎಂದೂ ಅಲ್ಲ. ಕನ್ನಡದಲ್ಲಿ ಅದನ್ನು ಮಾಡುವುದನ್ನು ಅವಳು ಕೇಳಿಯೇ ಇರಲಿಲ್ಲ. ಕೇಳುವುದಾದರೂ ಹೇಗೆ? ನಮ್ಮ ಮನೆಯಲ್ಲಿ ಕನ್ನಡ ಮಾತಾಡುವವರು ನಾನು, ನನ್ನ ಗಂಡ. ಬೆಳಿಗ್ಗೆ ಲಿಫ್ಟಿನ ಬಾಗಿಲಲ್ಲಿ ಇಬ್ಬರೂ 'ಬೈ' ಎನ್ನುತ್ತೇವೆ. ನಮ್ಮ ಮನೆಯಿಂದ ಕನ್ನಡದಲ್ಲಿ ಯಾರೂ ಹೊರಟದ್ದೇ ಇಲ್ಲ.

ಇಲ್ಲಿ ಕೆಲವರು ಬೆರಕೆ ಕನ್ನಡದ ಬಗ್ಗೆ ಚಿಂತೆ ಮಾಡುತ್ತೀರಿ, ಹೋದ ತಿಂಗಳೂ ಚರ್ಚೆಯಾಯಿತು. ನಮ್ಮದೇ ರಾಜ್ಯದ ಒಂದು ಹಳ್ಳಿಯ ಕಥೆ ಹೇಳುತ್ತೇನೆ. ನಮ್ಮದೇ ಎಂದರೆ ಮಹಾರಾಷ್ಟ್ರ, ಇಷ್ಟು ವರ್ಷ ಇಲ್ಲಿ ತೆರಿಗೆ ಕಟ್ಟಿದ ಮೇಲೆ ಹಾಗೆನ್ನಬಹುದಲ್ಲ. ಸಾಂಗ್ಲಿ ಜಿಲ್ಲೆಯ ಕುಪ್ವಾಡ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದ ಲೇಖನದಿಂದ ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಈ ಊರು ಗೊತ್ತು. ಅಲ್ಲಿ ಕನ್ನಡ, ಮರಾಠಿ, ಉರ್ದು ಮಾತಾಡುವ ಮನೆಗಳು ಶತಮಾನಗಳಿಂದ ಒಟ್ಟಿಗಿದ್ದವು. ಮೂರರ ವಾಕ್ಯರಚನೆಯೂ ಒಂದರ ಹಾಗೆ ಒಂದು ಆಗಿಬಿಟ್ಟಿತ್ತು. ನಾವು 'ಇದು ನಿಮ್ಮ ಮನೆ' ಎಂದು ನಿಲ್ಲಿಸಿದರೆ ಅಲ್ಲಿನ ಕನ್ನಡ ಮರಾಠಿಯ 'ಆಹೆ'ಯ ಹಾಗೆ ಕೊನೆಗೊಂದು 'ಐತಿ' ಸೇರಿಸುತ್ತಿತ್ತು. ಪದಗಳು ಮಾತ್ರ ಆಯಾ ಭಾಷೆಯವೇ. ಪಂಡಿತರಿಗೆ ಈ ವ್ಯಾಕರಣ ಕೆಟ್ಟಂತೆ ಕಂಡೀತು. ಆದರೆ ಕನ್ನಡ ಅಲ್ಲಿಂದ ಹೋಗಿರಲಿಲ್ಲ, ಏಕೆಂದರೆ ಮನೆಯೊಳಗಿನ ಕೆಲಸ ಅದರ ಕೈಯಲ್ಲೇ ಇತ್ತು. ನಮ್ಮ ಮನೆಯ ಸ್ಥಿತಿ ಇದಕ್ಕೆ ತಿರುಗುಮುರುಗು. ವ್ಯಾಕರಣ ಶುದ್ಧ, ಕೈಯಲ್ಲಿ ಕೆಲಸ ಇಲ್ಲ.

ಪುಣೆಗೂ ಕನ್ನಡ ವ್ಯಾಕರಣಕ್ಕೂ ಹಳೆಯ ನಂಟು ಇದೆ, ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಜನ ನಿಜವಾಗಿ ಆಡುವ ಕನ್ನಡವನ್ನು ವಿವರಿಸಿದ ವಿಲಿಯಂ ಬ್ರೈಟ್ ಅವರ ಪುಸ್ತಕ 1958ರಲ್ಲಿ ಪ್ರಕಟವಾದದ್ದು ಇಲ್ಲಿಯ ಡೆಕ್ಕನ್ ಕಾಲೇಜಿನಿಂದ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಪುಸ್ತಕ ಬರೆದ ಡಿ. ಎನ್. ಶಂಕರ ಭಟ್ಟರು, ಸಂಸ್ಕೃತದ ಏಳು ವಿಭಕ್ತಿಗಳ ಅಂಗಿಯನ್ನು ಕನ್ನಡಕ್ಕೆ ತೊಡಿಸಬೇಡಿ ಎಂದು ವಾದಿಸಿದರು. 'ಮರದ ದೆಸೆಯಿಂದ' ಎಂದು ಪಂಚಮಿಯನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಯಾರಾದರೂ ಒಂದು ಸಲ ಮನೆಯಲ್ಲಿ 'ದೆಸೆಯಿಂದ' ಎಂದು ಹೇಳಿದ್ದೀರಾ?

ನಾನು ಹೇಳಿದ್ದೇನೆ, ಮನೆಯಲ್ಲಲ್ಲ, ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ. ಎರಡು ವರ್ಷ ಅಲ್ಲಿ ಪಾಠ ಮಾಡಿದೆ. ವರ್ಣಮಾಲೆ, ಕಾಗುಣಿತ, ಆಮೇಲೆ ಬೋರ್ಡಿನ ಮೇಲೆ ವಿಭಕ್ತಿಯ ಪಟ್ಟಿ. 14 ಮಕ್ಕಳಿಂದ ಶುರುವಾದದ್ದು ದಸರಾ ಹೊತ್ತಿಗೆ ಐದಕ್ಕೆ ಬಂತು, ಅದರಲ್ಲಿ ಒಬ್ಬಳು ನನ್ನ ಮಗಳು. ಪೋಷಕರಿಗೆ ಆಸಕ್ತಿ ಇಲ್ಲ ಎಂದು ಇದೇ ವೇದಿಕೆಯಲ್ಲಿ ದೂರಿದ್ದೆ. ಆ ಮಾತನ್ನು ಇವತ್ತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

'ನನಗೆ' ಎಂಬುದನ್ನು ನಾನು ಹೇಗೆ ಕಲಿಸುತ್ತಿದ್ದೆ ಗೊತ್ತೇ? ಚತುರ್ಥಿ, ಸಂಪ್ರದಾನ, ಕೊಡುವುದು ಎಂದು. ರಾಮನಿಗೆ ಪುಸ್ತಕ ಕೊಟ್ಟನು. ಸರಿ. ಆದರೆ 'ನನಗೆ ಹಸಿವಾಗಿದೆ', ಇಲ್ಲಿ ಯಾರು ಏನು ಕೊಟ್ಟರು? 'ನನಗೆ ಭಯ', 'ನನಗೆ ನೆನಪಿಲ್ಲ', 'ನನಗೆ ಕನ್ನಡ ಬರುತ್ತೆ'. ನಾನು ಬೇಕೆಂದು ಮಾಡದೆ ನನ್ನ ಹತ್ತಿರಕ್ಕೆ ತಾನಾಗಿ ಬರುವುದಕ್ಕೆಲ್ಲ ಕನ್ನಡ 'ನನಗೆ' ಎನ್ನುತ್ತದೆ. ಇಷ್ಟು ಹೇಳಿದ್ದರೆ, ಇಂಗ್ಲಿಷಿನ ಪ್ರಭಾವದಿಂದ "ನಾನು ಹಸಿವು ಇದೀನಿ" ಎನ್ನುತ್ತಿದ್ದ ಹುಡುಗನಿಗೆ ಒಂದೇ ದಿನದಲ್ಲಿ ತಿಳಿಯುತ್ತಿತ್ತು. ಮರಾಠಿಯ 'ಮಲಾ ಭೂಕ್ ಲಾಗ್ಲಿ' ಅವನಿಗೆ ಹೇಗೂ ಗೊತ್ತು.

ಜೂನಿನಿಂದ ತರಗತಿಯ ರೀತಿ ಬದಲಾಯಿಸಿದ್ದೇನೆ. ಪಾಠಗಳಿಗೆ ಈಗ ಕೆಲಸಗಳ ಹೆಸರು. ಬೇಡ ಅನ್ನುವುದು. ಕ್ಷಮೆ ಕೇಳುವುದು. ಸಮಾಧಾನ ಮಾಡುವುದು. ಸುಳ್ಳು ಹೇಳುವುದು (ಒಬ್ಬ ತಾಯಿ ಆಕ್ಷೇಪಿಸಿದರು, ಮಕ್ಕಳು ಮಾತ್ರ ಇದಕ್ಕೆ ತಪ್ಪದೆ ಬಂದರು). 'ಬೇಡ' ಪಾಠ ಎರಡು ವಾರ ಹಿಡಿಯಿತು. ಊಟಕ್ಕೆ ಕರೆದವರ ಮನೆಯಲ್ಲಿ ಇನ್ನೊಂದು ಒಬ್ಬಟ್ಟು ಬಡಿಸಲು ಬಂದರೆ ಬರೀ 'ಬೇಡ' ಎಂದರೆ ಮುಖಕ್ಕೆ ಹೊಡೆದ ಹಾಗೆ. "ಸಾಕು ಅತ್ತೆ, ಹೊಟ್ಟೆ ತುಂಬ್ತು, ತುಂಬಾ ಚೆನ್ನಾಗಿತ್ತು" ಎನ್ನಬೇಕು, ಅವರು ಇನ್ನರ್ಧ ಹಾಕುತ್ತಾರೆ, ಮತ್ತೆ ಸಾಕು ಎನ್ನಬೇಕು. ಎಷ್ಟು ಸಲ ಸಾಕು ಎಂದರೆ ನಿಜವಾಗಿ ಸಾಕು ಎಂದು ಒಂಬತ್ತು ವರ್ಷದ ಹುಡುಗನೊಬ್ಬ ಕೇಳಿದ. ನಾನು ಮೂರು ಎಂದೆ. ಅವನ ಅಜ್ಜಿ ಹಿಂದೆ ಕೂತಿದ್ದವರು, "ನಮ್ಮ ಕಡೀಗೆ ಎಲಿ ಮ್ಯಾಲೆ ಕೈ ಅಡ್ಡ ಇಡಬೇಕ್ರಿ, ಬಾಯಿ ಮಾತು ಯಾರೂ ನಂಬೂದಿಲ್ಲ" ಎಂದರು. ಅವರನ್ನು ಮುಂದೆ ಕರೆದು ಕೂರಿಸಿ ಪಾಠ ಅವರಿಗೇ ಬಿಟ್ಟುಕೊಟ್ಟೆ. ಅವತ್ತು ತರಗತಿ ಅರ್ಧ ಗಂಟೆ ತಡವಾಗಿ ಮುಗಿಯಿತು. ವಿಭಕ್ತಿ ಬಿಟ್ಟಿಲ್ಲ, ಬರವಣಿಗೆಯೂ ಇದೆ. ಅವು ಈಗ ಕೆಲಸದ ಹಿಂದೆ ಬರುತ್ತವೆ.

ಮನೆಯಲ್ಲಿ ನನ್ನದಿನ್ನೂ ಕಷ್ಟ. ಗದರುವುದನ್ನು ಇಂಗ್ಲಿಷಿಗೆ ಸಾಗಿಸಲು ನೋಡಿದೆ, ಸಿಟ್ಟು ಬಂದಾಗ ಬಾಯಿಗೆ ಬರುವುದು ಕನ್ನಡವೇ. ರಾತ್ರಿಯ ಕಥೆ ಮಾತ್ರ ಕನ್ನಡಕ್ಕೆ ಬಂದಿದೆ, ಪುಸ್ತಕವಿಲ್ಲದೆ, ನನ್ನ ಬಾಯಿಗೆ ಬಂದದ್ದು. ಬೆಳಿಗ್ಗೆ ಲಿಫ್ಟಿನ ಬಾಗಿಲಲ್ಲಿ 'ಬರ್ತೀನಿ' ಎನ್ನುತ್ತೇನೆ. ಮಗಳು ಇನ್ನೂ 'ಬೈ' ಎಂದೇ ಹೇಳುತ್ತಾಳೆ. ನಾನು ತಿದ್ದಿಲ್ಲ. ಹೋದ ವಾರ ತಿಪಟೂರಿಗೆ ವಿಡಿಯೋ ಕಾಲ್ ಮಾಡಿದಾಗ ಪಕ್ಕದಲ್ಲಿ ಬಂದು ಕೂತಳು, ಮಾತಾಡಲಿಲ್ಲ. ಅಜ್ಜಿ "ಏನೇ, ಚೌಕಾಬಾರ ಮರ್ತೋಯ್ತಾ?" ಎಂದರು. ಇವಳು ತಲೆ ಅಲ್ಲಾಡಿಸಿದಳು. ಅಜ್ಜಿಗೆ ಕಣ್ಣು ಮಂಜು, ಕಾಣಲಿಲ್ಲ. "ಹ್ಞಾ?" ಎಂದರು. ಆಗ ಇವಳು, "ಇಲ್ಲ ಮುತ್ತಜ್ಜಿ, ನೆನಪಿದೆ" ಎಂದಳು. ಎರಡೇ ಮಾತು. ಫೋನ್ ಇಟ್ಟ ಮೇಲೆ ಕವಡೆ ಎಲ್ಲಿಟ್ಟಿದ್ದೀಯ ಎಂದು ನನ್ನನ್ನು ಕೇಳಿದಳು, ಅದೂ ಕನ್ನಡದಲ್ಲೇ.

ಕೊನೆಗೊಂದು ಕೋರಿಕೆ. ಮುಂದಿನ ಭಾನುವಾರದ ಪಾಠ ಜಗಳ ಆಡುವುದು. ಬೈಗುಳ ಬೇಡ, ಮಕ್ಕಳ ಕಿವಿಗೆ ಹಾಕಬಹುದಾದ ಜಗಳ ಸಾಕು. ಇದನ್ನು ನನಗೆ ಕನ್ನಡದಲ್ಲಿ ಚೆನ್ನಾಗಿ ಆಡಲು ಬರುವುದಿಲ್ಲ. ನಿಮ್ಮ ಮನೆಗಳಿಗೆ ಊರಿನಿಂದ ಬಂದಿರುವ ಅತ್ತೆ, ಅಮ್ಮ, ಅಜ್ಜಿಯಂದಿರು ಇದ್ದರೆ ದಯವಿಟ್ಟು ಕರೆದುಕೊಂಡು ಬನ್ನಿ. ಹುಬ್ಬಳ್ಳಿಯವರು, ಮಂಗಳೂರಿನವರು, ಕಲಬುರಗಿಯವರು, ಯಾರಾದರೂ ಆಗಬಹುದು, ಎಲ್ಲ ಕಡೆಯ ಜಗಳವೂ ಬೇಕು. ಹತ್ತೂವರೆಗೆ ಶುರು. ಮಕ್ಕಳು ತಪ್ಪು ಆಡಿದರೆ ನಗಬೇಡಿ ಎಂದು ಅವರಿಗೆ ಮೊದಲೇ ಹೇಳಿ ಕರೆತನ್ನಿ, ಅಷ್ಟು ಮಾಡಿ.